ಇಲ್ಲದ ಕಾಲಿನ ಹೆಬ್ಬೆರಳು ನೋಯ್ತಿದೆ ಅಂದರೆ ನಂಬೋದು ಹೇಗೆ?

ಕಲ್ಯಾಣ ಸ್ಲೋ (ಡೊಂಬಿವಲಿ), ಭಾನುವಾರ ರಾತ್ರಿ 10:40

ನಮಸ್ಕಾರ. ನಾನಿಲ್ಲಿ ಓದುವವ, ಬರೆಯುವವನಲ್ಲ. ಇವತ್ತು ಮನೆಯಲ್ಲಿ ಊಟದ ಹೊತ್ತಿಗೆ ಒಂದು ಜಗಳ ಆಯಿತು, ಅದಕ್ಕೆ ಬರೀತಿದ್ದೇನೆ.

ಅಪ್ಪನಿಗೆ ಎಪ್ಪತ್ತೊಂದು. ಕುಂದಾಪುರದ ಕಡೆಯಿಂದ ಹದಿನಾಲ್ಕನೇ ವಯಸ್ಸಿಗೆ ಬಂದು, ಮುಂಬೈ ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಏಳನೇ ತನಕ ಓದಿ, ಆಮೇಲೆ ಮೂವತ್ತೆಂಟು ವರ್ಷ ದೋಸೆ ಕಾವಲಿಯ ಮುಂದೆ ನಿಂತವರು. ಸಕ್ಕರೆ ಕಾಯಿಲೆ ಹಳೆಯದು. ಕಾಲಿನ ಗಾಯ ಒಣಗದೆ ಗ್ಯಾಂಗ್ರೀನ್ ಆಗಿ, ಕಳೆದ ಆಷಾಢದಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಎರಡು ತಿಂಗಳಿಂದ ಒಂದೇ ಸಮನೆ ಹೇಳ್ತಾರೆ, ಎಡಗಾಲಿನ ಹೆಬ್ಬೆರಳು ಒಳಕ್ಕೆ ಮಡಚಿಕೊಂಡು ಕೂತಿದೆ, ಬಿಡಿಸೋಕೆ ಆಗ್ತಿಲ್ಲ, ಅಂಗಾಲು ಕಾವಲಿ ಮೇಲಿಟ್ಟ ಹಾಗೆ ಉರೀತದೆ ಅಂತ. ಯಾವ ಹೆಬ್ಬೆರಳು? ಯಾವ ಅಂಗಾಲು?

ತಪಾಸಣೆಗೆ ಹೋದಾಗ ನರ್ಸ್ ಕೇಳಿದರು, ಹತ್ತರಲ್ಲಿ ನೋವು ಎಷ್ಟು? ಅಪ್ಪ "ಹನ್ನೆರಡಾಣೆ" ಅಂದರು. ಹತ್ತಕ್ಕೆ ಹನ್ನೆರಡು ಅಂತ ತಿಳಿದು ಆಕೆ ನಕ್ಕುಬಿಟ್ಟರು. ಅದು ಹದಿನಾರಕ್ಕೆ ಹನ್ನೆರಡು ಅಂತ ನಾನು ಬಿಡಿಸಿ ಹೇಳೋ ಹೊತ್ತಿಗೆ ಮುಂದಿನ ಪೇಶಂಟ್ ಒಳಗೆ ಬಂದಾಗಿತ್ತು.

ಇವತ್ತು ಸೋದರಮಾವ ಬಂದಿದ್ದರು. "ಎಲ್ಲ ಮನಸ್ಸಿನ ಭ್ರಮೆ ಭಾವ, ಬೇರೆ ಏನಾದರೂ ಯೋಚನೆ ಮಾಡಿ" ಅಂದರು. ತಂಗಿ "ಭ್ರಮೆ ಅಲ್ಲ, ಮಿದುಳು" ಅಂದಳು. ಅಪ್ಪ ತಟ್ಟೆ ಮುಂದೆ ತಳ್ಳಿ, "ನೋಯೋದು ನನಗೆ, ತೀರ್ಪು ಕೊಡೋದು ನೀವು" ಅಂದರು. ಆಮೇಲೆ ಯಾರೂ ಮಾತಾಡಲಿಲ್ಲ.

ಅಪ್ಪ ಸುಳ್ಳು ಹೇಳೋರಲ್ಲ, ಅದು ಗೊತ್ತು. ಆದರೆ ಇಲ್ಲದ ಕಾಲಿನ ನೋವು "ನಿಜ" ಅನ್ನೋದಕ್ಕೆ ಏನರ್ಥ? ತಿಳಿದವರು ಹೇಳಿ.

ನೇರಮಾತು (ವಾಶಿ), 11:05

ಅರ್ಥ ಗಿರ್ಥ ಏನಿಲ್ಲ, ಇದಕ್ಕೆ ಹೆಸರಿದೆ: ಫ್ಯಾಂಟಮ್ ಲಿಂಬ್. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳಕೊಂಡವರಿಗೆ ಚಿಕಿತ್ಸೆ ಮಾಡಿದ ಸೈಲಾಸ್ ವೇರ್ ಮಿಚೆಲ್ ಎಂಬ ವೈದ್ಯ 1871ರಲ್ಲಿ ಇಟ್ಟ ಹೆಸರು. ಮಿದುಳಿನಲ್ಲಿ ಇಡೀ ಮೈಯ ನಕ್ಷೆ ಇದೆ. ಪೆನ್‌ಫೀಲ್ಡ್ ಮತ್ತು ಬೋಲ್ಡ್ರಿ 1937ರಲ್ಲಿ ಅದನ್ನು ಗುರುತು ಹಾಕಿದರು. ಎಚ್ಚರವಾಗಿದ್ದ ರೋಗಿಗಳ ಮಿದುಳಿಗೆ ಸಣ್ಣಗೆ ಕರೆಂಟ್ ಮುಟ್ಟಿಸಿ, ಎಲ್ಲಿ ಮುಟ್ಟಿಸಿದರೆ ಮೈಯಲ್ಲಿ ಎಲ್ಲಿ ಜುಮ್ ಅನ್ನುತ್ತೆ ಅಂತ ಕೇಳಿದರು. ಕಾಲು ಹೋದರೂ ನಕ್ಷೆಯಲ್ಲಿ ಕಾಲಿನ ಜಾಗ ಹಾಗೇ ಇರುತ್ತೆ. ಮುಗೀತು. ಮಾವನವರಿಗೆ ಇದನ್ನೇ ಓದಿ ಹೇಳಿ, ಫಿಲಾಸಫಿಗೆ ಇಲ್ಲಿ ಕೆಲಸ ಇಲ್ಲ.

ಮಾಟುಂಗಾದ ಮಾಣಿ, 11:31

ಕಲ್ಯಾಣದವರೇ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ನಾನೂ ಲೋಟ ತೊಳೆದೇ ಬಂದವ.

ನನ್ನದೊಂದು ಸಣ್ಣ ಮಾತು. ನಮ್ಮ ಹಿರಿಯರು ಸ್ಥೂಲ ಶರೀರ, ಸೂಕ್ಷ್ಮ ಶರೀರ ಅಂತ ಎರಡು ಹೇಳಿದ್ದಾರಲ್ಲ. ಕತ್ತರಿ ಬಿದ್ದದ್ದು ಸ್ಥೂಲಕ್ಕೆ. ಸೂಕ್ಷ್ಮದ ಕಾಲು ಎಲ್ಲಿಗೆ ಹೋಗ್ತದೆ? ಅದೇ ನೋಯ್ತಿರೋದು. ಇದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು?

ನೇರಮಾತು, 11:34

ಬಂತು ನೋಡಿ. ನಾನು ಮಲಗ್ತೀನಿ.

ಥಾಣೆ ಫಿಸಿಯೋ, ಸೋಮವಾರ ಬೆಳಿಗ್ಗೆ 6:50

ಲೋಕಲ್‌ನಲ್ಲಿ ಕೂತು ಬರೀತಿದ್ದೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ. ಕಾಲು ತೆಗೆಸಿಕೊಂಡವರ ಜೊತೆಗೇ ನನ್ನ ಕೆಲಸ.

ಮೊದಲು ಮನೆಗೆ ಬೇಕಾದದ್ದು. ನೋವು ಎರಡು ಥರ. ಉಳಿದಿರುವ ಕಾಲಿನ ತುದಿಯಲ್ಲಿ, ಅಂದರೆ ಸ್ಟಂಪ್‌ನಲ್ಲಿ, ಆಗೋದು ಒಂದು. ಇಲ್ಲದ ಪಾದದಲ್ಲಿ ಆಗೋದು ಇನ್ನೊಂದು. ಸ್ಟಂಪ್‌ನಲ್ಲಿ ಕೆಂಪು, ಬಿಸಿ, ಕೀವು ಇದೆಯಾ ನೋಡಿ. ಕತ್ತರಿಸಿದ ನರದ ತುದಿ ಗಂಟುಕಟ್ಟಿಕೊಂಡರೆ ಮುಟ್ಟಿದ ಕೂಡಲೇ ಕರೆಂಟ್ ಹೊಡೆದ ಹಾಗಾಗುತ್ತೆ, ಅದನ್ನೂ ವೈದ್ಯರಿಗೆ ತೋರಿಸಬೇಕು. ಇವೆಲ್ಲ ಇಲ್ಲ ಅಂತ ಖಾತ್ರಿ ಆದಮೇಲೆ ಮುಂದಿನ ಮಾತು. ಕೈಕಾಲು ಹೋದವರಲ್ಲಿ ಬಹುಪಾಲು ಜನಕ್ಕೆ ಅದು ಇನ್ನೂ ಇದೆ ಅನ್ನಿಸುತ್ತೆ, ಅವರಲ್ಲಿ ತುಂಬ ಜನಕ್ಕೆ ನೋವೂ ಇರುತ್ತೆ. ಬೆರಳು ಮಡಚಿಕೊಂಡಿದೆ, ಬಿಡಿಸೋಕಾಗಲ್ಲ ಅನ್ನೋದನ್ನು ನಾನು ಎಷ್ಟು ಬಾಯಲ್ಲಿ ಕೇಳಿದ್ದೇನೋ. ನಿಮ್ಮಪ್ಪ ಒಬ್ಬರೇ ಅಲ್ಲ ಅಂತ ದಯವಿಟ್ಟು ಇವತ್ತೇ ಹೇಳಿ. ಅರ್ಧ ಸಂಕಟ ಅಲ್ಲೇ ಇಳಿಯುತ್ತೆ.

ಕನ್ನಡಿ ಚಿಕಿತ್ಸೆ ಅಂತ ಒಂದಿದೆ. ಚೆನ್ನೈನಲ್ಲಿ ಮೆಡಿಕಲ್ ಓದಿ ಕ್ಯಾಲಿಫೋರ್ನಿಯಾಕ್ಕೆ ಹೋದ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ತೋರಿಸಿದ್ದು. ಎರಡು ಕಾಲಿನ ನಡುವೆ ಉದ್ದದ ಕನ್ನಡಿ ನಿಲ್ಲಿಸಿ, ಇರುವ ಕಾಲಿನ ಬಿಂಬವನ್ನು ಇಲ್ಲದ ಕಾಲಿನ ಜಾಗದಲ್ಲಿ ಕಾಣಿಸೋದು. ಇರುವ ಕಾಲನ್ನು ಆಡಿಸಿದರೆ ಇಲ್ಲದ್ದೂ ಆಡಿದ ಹಾಗೆ ಕಾಣುತ್ತೆ. 2007ರಲ್ಲಿ ಅಮೆರಿಕದ ಸೈನಿಕರ ಮೇಲೆ ಒಂದು ಸಣ್ಣ ಪ್ರಯೋಗ ನಡೆಯಿತು. ದಿನಕ್ಕೆ ಹದಿನೈದು ನಿಮಿಷ, ನಾಲ್ಕು ವಾರ. ಒಂದು ಗುಂಪಿಗೆ ಕನ್ನಡಿ, ಇನ್ನೊಂದಕ್ಕೆ ಬಟ್ಟೆ ಮುಚ್ಚಿದ ಕನ್ನಡಿ, ಮೂರನೆಯದಕ್ಕೆ ಬರೀ ಕಲ್ಪನೆ. ಕನ್ನಡಿ ನೋಡಿದವರಿಗೆಲ್ಲ ನೋವು ಇಳಿಯಿತು. ಆಮೇಲಿನ ಅಧ್ಯಯನಗಳಲ್ಲಿ ಫಲಿತಾಂಶ ಅಷ್ಟು ಚೊಕ್ಕ ಇಲ್ಲ. ಕೆಲವರಿಗೆ ಆಗುತ್ತೆ, ಕೆಲವರಿಗೆ ಆಗಲ್ಲ. ಖರ್ಚು ಒಂದು ಕನ್ನಡಿ.

ಇನ್ನು ನೇರಮಾತು ಅವರೇ, "ಮುಗೀತು" ಅಂದಿರಲ್ಲ, ಮುಗಿದಿಲ್ಲ. ಮಿದುಳಿನ ನಕ್ಷೆಯಲ್ಲಿ ಕೈಯ ಪಕ್ಕ ಮುಖ ಇದೆ. ಕೈ ಹೋದವರ ಕೆನ್ನೆ ಮುಟ್ಟಿದರೆ ಇಲ್ಲದ ಬೆರಳಲ್ಲಿ ಮುಟ್ಟಿದ ಹಾಗಾಗುತ್ತೆ ಅಂತ ರಾಮಚಂದ್ರನ್ ತೋರಿಸಿದರು. ಖಾಲಿಯಾದ ಸೈಟನ್ನು ಪಕ್ಕದವರು ಒತ್ತುವರಿ ಮಾಡಿದ್ದಕ್ಕೇ ನೋವು ಅಂತ ತುಂಬ ದಿನ ನಂಬಿದ್ದರು. 2013ರಲ್ಲಿ ಟಮಾರ್ ಮೇಕಿನ್ ಮತ್ತು ಜೊತೆಗಾರರು ಆಕ್ಸ್‌ಫರ್ಡ್‌ನಲ್ಲಿ ನೋಡಿದಾಗ ಉಲ್ಟಾ ಕಂಡಿತು. ಯಾರಿಗೆ ನೋವು ಜಾಸ್ತಿಯೋ ಅವರ ಮಿದುಳಲ್ಲಿ ಹೋದ ಕೈಯ ಜಾಗ ಹೆಚ್ಚು ಭದ್ರವಾಗಿತ್ತು. ಜಗಳ ಇನ್ನೂ ನಡೀತಿದೆ.

ಯಾರಿಗೆ ಜಾಸ್ತಿ ನೋವು, ಯಾರಿಗೆ ಕಮ್ಮಿ ಅಂತ ಅವರಿಗೆ ಗೊತ್ತಾಗಿದ್ದು ಹೇಗೆ ಹೇಳಿ? ಕೇಳಿ ತಿಳಕೊಂಡರು. ಸ್ಕ್ಯಾನರ್ ಹೇಳಲಿಲ್ಲ.

ಮುಲುಂಡ್ ಬಂತು, ಜನ ನುಗ್ಗಿದರು. ಮತ್ತೆ ಬರ್ತೇನೆ.

ಪೇಠೆ ಮೇಷ್ಟ್ರು (ಪುಣೆ), ಬೆಳಿಗ್ಗೆ 9:15

ಫಿಸಿಯೋ ಕಡೆಗೆ ಹೇಳಿದ ಮಾತು ಇದೆಯಲ್ಲ, ನಾನು ಮೂವತ್ತು ವರ್ಷ ತತ್ವಶಾಸ್ತ್ರ ಪಾಠ ಮಾಡಿ ಹುಡುಗರಿಗೆ ದಾಟಿಸಲು ಒದ್ದಾಡಿದ್ದು ಅದನ್ನೇ. ಹೊಟ್ಟೆಕಿಚ್ಚಾಗುತ್ತಿದೆ.

ಮಾಣಿಯವರ ಮಾತನ್ನು ತಳ್ಳಿಹಾಕುವ ಮುಂಚೆ ಒಂದು ತಮಾಷೆ. ಇಂಗ್ಲೆಂಡಿನ ನೌಕಾಪತಿ ನೆಲ್ಸನ್ 1797ರಲ್ಲಿ ಬಲಗೈ ಕಳೆದುಕೊಂಡ. ಇಲ್ಲದ ಕೈ ಇದೆ ಅನ್ನಿಸುವುದೇ ಆತ್ಮ ಇರುವುದಕ್ಕೆ ಪುರಾವೆ ಎಂದು ಅವನು ಹೇಳಿದ್ದನೆಂಬ ಕಥೆ ಪ್ರಸಿದ್ಧ. ಹಾಗಾಗಿ ಮಾಣಿಯವರಿಗೆ ದೊಡ್ಡವರ ಜೊತೆ ಇದೆ. ಆದರೆ ವೇದಾಂತಿಗಳ ಸೂಕ್ಷ್ಮ ಶರೀರದ ಲೆಕ್ಕ ಹದಿನೇಳು: ಜ್ಞಾನೇಂದ್ರಿಯ ಐದು, ಕರ್ಮೇಂದ್ರಿಯ ಐದು, ಪ್ರಾಣ ಐದು, ಮನಸ್ಸು, ಬುದ್ಧಿ. ಆ ಕರ್ಮೇಂದ್ರಿಯಗಳಲ್ಲಿ ಪಾದವೂ ಉಂಟು, ಆದರೆ ಅದು ಮಾಂಸದ ಪಾದದ ನೆರಳಲ್ಲ, ನಡೆಯುವ ಶಕ್ತಿ. ಹೆಬ್ಬೆರಳು ಮಡಚಿಕೊಂಡಿದೆ ಎಂಬುದಕ್ಕೆ ಅಲ್ಲಿ ಉತ್ತರ ಸಿಗುವುದಿಲ್ಲ ಮಾಣಿಗಳೇ. ಒಂದು ಶಾಸ್ತ್ರದ ಮಾತನ್ನು ಇನ್ನೊಂದು ಶಾಸ್ತ್ರದ ಸಾಕ್ಷಿಕಟ್ಟೆಗೆ ಎಳೆದರೆ ಎರಡೂ ಕೆಡುತ್ತವೆ.

ಈಗ ಫಿಲಾಸಫಿಗೆ ಕೆಲಸ ಇಲ್ಲ ಎಂದವರಿಗೆ. "ನರ ಎಂದರೆ ತಂತಿ, ಮಿದುಳು ಎಂದರೆ ಕೊನೆಯ ಸ್ಟೇಷನ್" ಎಂಬ ಚಿತ್ರ ನಿಮ್ಮ ತಲೆಯಲ್ಲಿದೆಯಲ್ಲ, ಅದನ್ನು ಅಲ್ಲಿಟ್ಟವನು ಒಬ್ಬ ತತ್ವಜ್ಞಾನಿ. ದೇಕಾರ್ತ್ ನೋವನ್ನು ಗಂಟೆಯ ಹಗ್ಗಕ್ಕೆ ಹೋಲಿಸಿದ. ಕೆಳಗೆ ಹಗ್ಗ ಜಗ್ಗಿದರೆ ಮೇಲೆ ಗಂಟೆ ಬಾರಿಸುತ್ತದೆ. 1641ರ ಪುಸ್ತಕದಲ್ಲಿ ಅವನು ಕೈಕಾಲು ಕತ್ತರಿಸಿಕೊಂಡವರ ನೋವಿನ ಮಾತನ್ನೂ ಎತ್ತುತ್ತಾನೆ. ಪಾದದಿಂದ ಮಿದುಳಿಗೆ ಹೋಗುವ ಹಗ್ಗವನ್ನು ನಡುವೆ ಎಲ್ಲೇ ಜಗ್ಗಿದರೂ ಗಂಟೆಗೆ ಪಾದವೇ ಜಗ್ಗಿದಂತೆ ಕೇಳುತ್ತದೆ. ಮೇಲೆ ಹೇಳಿದ ನರದ ಗಂಟಿನ ವಿವರಣೆ ಬಹುಮಟ್ಟಿಗೆ ಇದೇ.

ಆದರೆ ಹಗ್ಗ ಸಾಲದು ಎಂದು ಕಂಡುಕೊಂಡವರು ವೈದ್ಯರೇ. ಎರಡನೇ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಎಂಬ ವೈದ್ಯ ತೀವ್ರವಾಗಿ ಗಾಯಗೊಂಡ ಸೈನಿಕರನ್ನು ನೋವಿನ ಮದ್ದು ಬೇಕೇ ಎಂದು ಕೇಳಿದ. ಸುಮಾರು ಮುಕ್ಕಾಲು ಪಾಲು ಜನ ಬೇಡ ಎಂದರು. 1946ರಲ್ಲಿ ಪ್ರಕಟಿಸಿದ. ಊರಿನ ಆಸ್ಪತ್ರೆಯಲ್ಲಿ ಅದಕ್ಕಿಂತ ಚಿಕ್ಕ ಗಾಯದವರು ಮದ್ದು ಕೊಡಿ ಎಂದು ಗೋಗರೆಯುತ್ತಾರೆ. ಸೈನಿಕನಿಗೆ ಗಾಯ ಎಂದರೆ ಜೀವ ಉಳಿಯಿತು, ಮನೆಗೆ ಹೋಗಬಹುದು. ಊರಿನವನಿಗೆ ಗಾಯ ಎಂದರೆ ಬದುಕು ಕೆಟ್ಟಿತು. ಹಗ್ಗ ಅದೇ, ಗಂಟೆ ಬೇರೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಸಂಶೋಧಕರು ಬೆನ್ನುಹುರಿಯಲ್ಲಿ ಒಂದು ಬಾಗಿಲನ್ನು ಕಲ್ಪಿಸಿದರು. ಕೆಳಗಿನಿಂದ ಬರುವ ಸುದ್ದಿಯನ್ನು ಎಷ್ಟು ಒಳಬಿಡಬೇಕು ಎಂಬುದರಲ್ಲಿ ಮೇಲಿನ ಮಿದುಳಿನದೂ ಕೈ ಉಂಟು. ಬಿದ್ದ ಮಗುವಿನ ಮೊಣಕಾಲನ್ನು ಅಜ್ಜಿ ಉಜ್ಜುತ್ತಾಳಲ್ಲ, ಆ ಉಜ್ಜುವಿಕೆಯ ಸುದ್ದಿ ನೋವಿನ ಸುದ್ದಿಗೆ ಬಾಗಿಲು ಅರ್ಧ ಮುಚ್ಚುತ್ತದೆ.

ಉದ್ದವಾಯಿತು. ಹಳೆಯ ಚಟ.

ನೇರಮಾತು, ಮಧ್ಯಾಹ್ನ 1:20

ಮೇಷ್ಟ್ರೇ, ಒಪ್ಪಿದೆ. ಆದರೆ ಒಂದು ತೊಡಕು. ಹೇಳಿದವರ ಮಾತೇ ಕೊನೇ ಪ್ರಮಾಣ ಅಂದರೆ ವಿಜ್ಞಾನ ಯಾಕೆ ಬೇಕು? ನಮ್ಮ ಕಂಪನಿಯಲ್ಲಿ ಬೆನ್ನು ನೋವು ಅಂತ ರಜೆ ಹಾಕಿ ಮಹಾಬಳೇಶ್ವರದಲ್ಲಿ ಫೋಟೋ ಹಾಕಿದವರಿದ್ದಾರೆ. ನೋವು ಅಳೆಯೋ ಮೀಟರ್ ಒಂದು ಬರಲಿ, ಆಗ ನಂಬ್ತೀನಿ.

ಬೆಳಗಾವಿ ಅಕ್ಕ (ಕೋಥರೂಡ), 2:05

ನೇರಮಾತು ಅವರ, ನಿಮ್ಮ ಮೀಟರ್ ಬರೋತನಕಾ ನಾ ಏನ್ ಮಾಡ್ಬೇಕಿತ್ರಿ?

ಆರು ವರ್ಷ ಹೊಟ್ಟಿನೋವು ನನಗ. ತಿಂಗಳಿಗೆ ನಾಕು ದಿನ ನೆಲಕ್ಕ ಬಿದ್ದು ಒದ್ದಾಡತಿದ್ದೆ. ಸೋನೋಗ್ರಫಿ ಮಾಡಿದ್ರು, ನಾರ್ಮಲ್. ರಕ್ತ ನೋಡಿದ್ರು, ನಾರ್ಮಲ್. ಒಬ್ಬ ಡಾಕ್ಟರು ನನ್ನ ಎದುರಿಗೇ ನಮ್ಮ ಮನಿಯವರಿಗೆ "ಇವರಿಗೆ ಟೆನ್ಶನ್ ಜಾಸ್ತಿ, ಎಲ್ಲರೆ ಟೂರ್ ಕರ್ಕೊಂಡು ಹೋಗ್ರಿ" ಅಂದ್ರು. ನಾ ಆ ಖೋಲಿಯೊಳಗ ಕೂತಿದ್ದೆ, ಖುರ್ಚಿ ಇದ್ಧಂಗ. ಕಡೀಕ ದುರ್ಬೀನ್ ಹಾಕಿ ನೋಡಿದ ಮ್ಯಾಲೆ ಎಂಡೊಮೆಟ್ರಿಯೋಸಿಸ್ ಅಂತ ತಿಳೀತು. ಗರ್ಭಚೀಲದ ಒಳಗಿನ ಪದರದಂಥದ್ದು ಹೊರಗ ಬೆಳೆಯೋದು. ಸೋನೋಗ್ರಫಿಯೊಳಗ ಎಷ್ಟೋ ಸಲ ಕಾಣೂದೇ ಇಲ್ಲ ಅದು.

ಅವತ್ತ ನಾ ಅತ್ತೆ. ರೋಗ ಅದ ಅಂತ ಅಲ್ಲ, ಖುಷಿಗೆ. ಹುಚ್ಚಿ ಅಲ್ಲ ನಾನು ಅಂತ. ಆದ್ರ ಆಮ್ಯಾಲೆ ಸಿಟ್ಟು ಬಂತು. ಹಿಂದಿನ ದಿನಾನೂ ನೋವು ಅಷ್ಟೇ ಇತ್ತಲ್ಲ? ಚೀಟಿ ಮ್ಯಾಲೆ ಹೆಸರು ಬಂದ ಮ್ಯಾಲೇ ಯಾಕ ಖರೇ ಆತು?

ಥಾಣೆ ಫಿಸಿಯೋ, 2:40

ಅಕ್ಕ, ನಿಮ್ಮ ಮಾತು ಓದಿ ಸುಮ್ಮನೆ ಕೂತೆ.

ಹೀಗೆ ನಂಬದೇ ಇದ್ದದ್ದರ ಅತಿ ದೊಡ್ಡ ಉದಾಹರಣೆ ಹಸುಗೂಸುಗಳದ್ದು. 1980ರ ದಶಕದ ತನಕವೂ ಮುಂದುವರಿದ ದೇಶಗಳಲ್ಲೇ ನವಜಾತ ಶಿಶುಗಳಿಗೆ ತೀರ ಕಮ್ಮಿ ನೋವುನಿವಾರಕ ಕೊಟ್ಟು ಆಪರೇಷನ್ ಮಾಡುತ್ತಿದ್ದರು. ಅವುಗಳ ನರ ಇನ್ನೂ ಬಲಿತಿಲ್ಲ, ನೋವು ಅಷ್ಟು ಗೊತ್ತಾಗಲ್ಲ ಅನ್ನೋ ನಂಬಿಕೆ ಒಂದು. ಅರಿವಳಿಕೆ ಕೊಟ್ಟರೆ ಕೂಸು ತಡಕೊಳ್ಳುತ್ತೋ ಇಲ್ಲವೋ ಅನ್ನೋ ಹೆದರಿಕೆ ಇನ್ನೊಂದು. ಭಾರತದಿಂದ ಆಕ್ಸ್‌ಫರ್ಡ್‌ಗೆ ಹೋಗಿದ್ದ ಕನ್ವಲಜೀತ್ ಆನಂದ್ ಎಂಬ ವೈದ್ಯರು ಮತ್ತು ಜೊತೆಗಾರರು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಿಯಾಗಿ ಅರಿವಳಿಕೆ ಕೊಟ್ಟ ಕೂಸುಗಳ ದೇಹದಲ್ಲಿ ಒತ್ತಡದ ಹಾರ್ಮೋನುಗಳು ಕಮ್ಮಿ, ಆಮೇಲಿನ ತೊಂದರೆಗಳೂ ಕಮ್ಮಿ ಅಂತ ಗೊತ್ತಾಯಿತು. ಅಲ್ಲಿಂದ ಪದ್ಧತಿ ಬದಲಾಯಿತು. ಕೂಸು ಅಳುತ್ತಲೇ ಇತ್ತು. ಅದು "ಬರೀ ಪ್ರತಿಕ್ರಿಯೆ" ಅಂತ ದೊಡ್ಡವರು ತೀರ್ಮಾನ ಮಾಡಿದ್ದರು. ನೇರಮಾತು ಅವರೇ, ಹಾರ್ಮೋನ್ ಅಳೆದದ್ದು ವಿಜ್ಞಾನ, ಸರಿ. ಅಳೆಯದೇ ಇದ್ದಾಗ ಅನುಮಾನದ ಲಾಭ ಯಾರಿಗೆ ಕೊಡಬೇಕಿತ್ತು ಅನ್ನೋದು?

ನೋವಿನ ಅಧ್ಯಯನಕ್ಕೇ ಮೀಸಲಾದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆ ತಿದ್ದಿತು. ಅದರ ಪ್ರಕಾರ ನರದಲ್ಲಿ ಓಡೋ ಸಂಕೇತ ಬೇರೆ, ನೋವು ಬೇರೆ. ನನಗೆ ನೋವಾಗ್ತಿದೆ ಅಂತ ಒಬ್ಬರು ಹೇಳಿದರೆ ಆ ಮಾತಿಗೆ ಬೆಲೆ ಕೊಡಬೇಕು ಅಂತಲೂ ಬರೆದಿದ್ದಾರೆ. ಬಾಯಿ ಬಿಟ್ಟು ಹೇಳಲಾರದವರಿಗೂ ನೋವಿರಬಹುದು ಅಂತಲೂ.

ಮಹಾಬಳೇಶ್ವರದವರ ವಿಷಯ: ಸುಳ್ಳು ಹೇಳೋರು ಇದ್ದಾರೆ, ನನ್ನ ಕ್ಲಿನಿಕ್ಕಿಗೂ ಬರ್ತಾರೆ. ಹತ್ತು ಜನರಲ್ಲಿ ಒಬ್ಬ ಸುಳ್ಳು ಅಂದುಕೊಳ್ಳಿ (ಲೆಕ್ಕ ನನ್ನ ಬಾಯಿಗೆ ಬಂದದ್ದು). ಅವನನ್ನು ಹಿಡಿಯೋಕೆ ಒಂಬತ್ತು ಜನರನ್ನ ಬೆಳಗಾವಿ ಅಕ್ಕನ ಥರ ಕೂರಿಸಬೇಕಾ?

ವಾಸ್ಕೋ ಪೈಲಟ್, ಸಂಜೆ 7:30

ಎಲ್ಲಾರೂ ಶಾಣ್ಯಾರು ಮಾತಾಡಾಕತ್ತೀರಿ, ನಡಕ ಬಾಯಿ ಹಾಕಿದ್ರ ತಪ್ಪ ತಿಳ್ಕೋಬ್ಯಾಡ್ರಿ. ನಾ ಇಲ್ಲಿ ವಾಸ್ಕೋದಾಗ ಪೈಲಟ್ ಅದೀನಿ. ವಿಮಾನದ್ದಲ್ಲರಿ, ಬೈಕಿಂದು. ಗೋವಾದಾಗ ಬಾಡಿಗಿ ಬೈಕ್ ಹೊಡ್ಯಾವರಿಗೆ ಹಂಗ ಅಂತಾರ. ನಮ್ಮೂರು ಬಾಗಲಕೋಟಿ ಕಡೆ.

ನಮ್ಮಣ್ಣನ ಎಡಗೈ ಮಷೀನಿನ್ಯಾಗ ಹೋತು, ಮಣಿಕಟ್ಟಿನ ಮ್ಯಾಲತನಕ. ಎಂಟು ವರ್ಷ ಆತು. ಇವತ್ತಿಗೂ ಅಂವಗ ಆ ಕೈಯಾಗ ಗಡಿಯಾರ ಕಟ್ಟಿದ್ದು ಗೊತ್ತಾಗತೈತಿ. ಬ್ಯಾನಿ ಇಲ್ಲ, ಗಡಿಯಾರ ಅಷ್ಟ. ನಾವು ನಕ್ಕಿದ್ವಿ ಮೊದ್ಲ. ಆಮ್ಯಾಲ ಅಂವ ಹೇಳೂದ ಬಿಟ್ಟ. ಇಲ್ಲಿ ಓದಿದ ಮ್ಯಾಲ ಇವತ್ತ ನಾನ ಕೇಳಿದೆ, ಅಣ್ಣಾ ಗಡಿಯಾರ ಐತೇನು? ಐತಿ ಅಂದ.

ಥಾಣೆ ಫಿಸಿಯೋ, 7:52

ಪೈಲಟ್ ಅವರೇ, ಇದು ಪುಸ್ತಕದಲ್ಲಿರೋ ವಿಷಯ. ಇಲ್ಲದ ಬೆರಳಲ್ಲಿ ಉಂಗುರ, ಇಲ್ಲದ ಪಾದದಲ್ಲಿ ಹಳೇ ಹುಣ್ಣು ಅನುಭವಿಸಿದವರ ವಿವರಗಳನ್ನು ಮೆಲ್ಜಾಕ್ ಮತ್ತು ಕಾಟ್ಜ್ 1990ರಲ್ಲೇ ಕಲೆಹಾಕಿ ಬರೆದಿದ್ದಾರೆ. ಅಣ್ಣನಿಗೆ ಹೇಳಿ.

ಕಲ್ಯಾಣ ಸ್ಲೋ, ರಾತ್ರಿ 9:30

ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಸೈನಿಕರ ಕಥೆಗೆ ತಲೆದೂಗಿದರು. ಆನಂದ್ ಅವರ ಕಥೆಗೆ "ಛೇ" ಅಂದರು. ಮೇಷ್ಟ್ರು ಬರೆದದ್ದು ಅರ್ಧಕ್ಕೆ ನಿದ್ದೆ ಬಂತು (ಕ್ಷಮಿಸಿ ಮೇಷ್ಟ್ರೇ).

ಒಂದು ಕೇಳಿದರು: "ಆ ನರ್ಸಿಗೆ ನಾನು ಏನಂತ ಹೇಳಬೇಕಿತ್ತು? ಹತ್ತರಲ್ಲಿ ಇಷ್ಟು ಅಂದರೆ ಉರಿಗೆ ಎಷ್ಟು, ಮಡಚಿದ್ದಕ್ಕೆ ಎಷ್ಟು?"

ಪೇಠೆ ಮೇಷ್ಟ್ರು, 9:58

ನಿದ್ದೆ ಬರಿಸಿದ್ದೂ ಒಂದು ಚಿಕಿತ್ಸೆಯೇ!

ತಂದೆಯವರ ಪ್ರಶ್ನೆ ಮಾತ್ರ ಬಂಗಾರದಂಥದ್ದು. ಅದೇ ಮೆಲ್ಜಾಕ್ ಇದಕ್ಕಾಗಿಯೇ 1975ರಲ್ಲಿ ಒಂದು ಪ್ರಶ್ನಾವಳಿ ಮಾಡಿದ. ನೋವನ್ನು ಬಣ್ಣಿಸುವ 78 ಪದಗಳು, 20 ಗುಂಪುಗಳಲ್ಲಿ. ಎಷ್ಟು ಎಂದಷ್ಟೇ ಅಲ್ಲ, ಎಂಥದು ಎಂದೂ ಕೇಳುವುದು. ಅದು ಇಂಗ್ಲಿಷಿನ ಪದಗಳ ಮೇಲೆ ಕಟ್ಟಿದ್ದು. ಕನ್ನಡದಲ್ಲಿ ಮಾಡಿದರೆ ಹೇಗಿರುತ್ತದೆ? ಉರಿ, ಸಿಡಿತ, ಸೆಳೆತ, ನುಲಿತ, ಉಳುಕು ಎಂದು ನಾನು ಶುರು ಮಾಡುತ್ತೇನೆ. ಮುಂದುವರಿಸಿ.

ಬೆಳಗಾವಿ ಅಕ್ಕ, 10:04

ಚಳಕು! ಪಕ್ಕಿಯೊಳಗ ಫಟ್ಟನೆ ಹಿಡೀತದಲ್ಲ, ಅದು. ಮತ್ತ ಹೆರಿಗಿದ್ದಕ್ಕ ಬ್ಯಾನಿ ಅಂತೀವಿ, ನೋವು ಅನ್ನೂದಿಲ್ಲ. ಬ್ಯಾನಿ ಅಂದ್ರ ಬಂದು ಹೋಗ್ತದ, ತಿರುಗಿ ಬರ್ತದ, ಅದರದೊಂದು ಲೆಕ್ಕ ಇರ್ತದ. ನನಗ ಆರು ವರ್ಷ ಇದ್ದದ್ದು ಬ್ಯಾನಿ ಅಲ್ಲ, ಹಿಂಡೋದು. ಒದ್ದಿ ಅರಬಿ ಹಿಂಡಿಧಂಗ. ಡಾಕ್ಟರು "ಪೇನ್ ಇದೆಯಾ" ಅಂತ ಕೇಳಿದ್ರ ಹೂಂ ಅಂತಿದ್ದೆ, ಅಲ್ಲಿಗೆ ಮುಗೀತಿತ್ತು.

ಮಾಟುಂಗಾದ ಮಾಣಿ, 10:15

ಜೋಮು ಹಿಡಿಯೋದು. ಕುಟುಕೋದು. ಕಾಲು ಸೇದೋದು, ರಾತ್ರಿ ಹೋಟ್ಲು ಮುಚ್ಚಿ ಮಲಗಿದ ಮೇಲೆ ನಮಗೆ ದಿನಾ ಇದ್ದದ್ದು. ಸಂಕಟ ಅಂತ ಒಂದು ಉಂಟಲ್ಲ, ಅದು ಹೊಟ್ಟೆಗೂ ಆಗ್ತದೆ ಮನಸ್ಸಿಗೂ ಆಗ್ತದೆ, ಎಲ್ಲಿ ಅಂತ ಕೇಳಿದರೆ ತೋರಿಸಲಿಕ್ಕೆ ಬರುವುದಿಲ್ಲ.

ವಾಸ್ಕೋ ಪೈಲಟ್, 10:21

ಬ್ಯಾರೇದವರ ಮಕ್ಳು ಬಿದ್ದದ್ದು ಕಂಡ್ರ ನಮ್ಮ ಕಳ್ಳು ಚುರ್ ಅಂತೈತಲ್ರಿ, ಅದನ್ನ ಯಾವ ಗುಂಪಿನ್ಯಾಗ ಹಾಕ್ತೀರಿ?

ನೇರಮಾತು, 10:30

ಇದಕ್ಕೆ ಅಧ್ಯಯನ ಇದೆ. 2003ರಲ್ಲಿ ಐಸನ್‌ಬರ್ಗರ್ ಮತ್ತು ಜೊತೆಗಾರರು ಒಂದು ಕಂಪ್ಯೂಟರ್ ಆಟದಲ್ಲಿ ಬೇಕಂತಲೇ ಒಬ್ಬರನ್ನು ಹೊರಗಿಟ್ಟು ಮಿದುಳು ಸ್ಕ್ಯಾನ್ ಮಾಡಿದರು. ಮೈ ನೋವಿನಲ್ಲಿ ಚುರುಕಾಗೋ ಜಾಗಗಳೇ ಅಲ್ಲೂ ಚುರುಕಾದವು. ಅದು ಸ್ವಂತ ಮನಸ್ಸಿನ ನೋವಿನ ವಿಷಯ, ಪೈಲಟ್ ಕೇಳಿದ್ದಕ್ಕೆ ಪೂರ್ತಿ ಉತ್ತರ ಅಲ್ಲ. ಜಾಗ ಒಂದೇ ಅಂದಮಾತ್ರಕ್ಕೆ ನೋವೂ ಒಂದೇ ಅಂತ ಹೇಳೋಕಾಗಲ್ಲ ಅಂತ ತಕರಾರು ತೆಗೆದವರೂ ಇದ್ದಾರೆ. ಫಿಸಿಯೋ ಬೈಯೋ ಮುಂಚೆ ನಾನೇ ಹೇಳಿಬಿಟ್ಟೆ.

ಇನ್ನೊಂದು. ಅಕ್ಕ, ಮಧ್ಯಾಹ್ನ ಬರೆದ ಮೀಟರ್ ಮಾತು ವಾಪಸ್ ತಗೊಳ್ತೀನಿ.

ಪೇಠೆ ಮೇಷ್ಟ್ರು, 10:50

ಪೂರ್ತಿ ವಾಪಸ್ ಬೇಡ, ಅರ್ಧ ಇಟ್ಟುಕೊಳ್ಳಿ. ಸಂಶಯ ಇಲ್ಲದಿದ್ದರೆ ಎಂಡೊಮೆಟ್ರಿಯೋಸಿಸ್ ಕೂಡ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ನಮ್ಮ ಮಾತಲ್ಲೇ ಒಂದು ಕುತೂಹಲ ಅಡಗಿದೆ. ವೇದನೆ ಎನ್ನುತ್ತೇವೆ. ಅದರ ಬೇರು "ವಿದ್", ತಿಳಿ ಎಂದು. ಬೌದ್ಧರಲ್ಲಿ ವೇದನೆ ಎಂದರೆ ಸುಖ, ದುಃಖ, ಎರಡೂ ಅಲ್ಲದ್ದು, ಮೂರೂ ಸೇರಿದ ಅನುಭವ. ಕನ್ನಡಕ್ಕೂ ಮರಾಠಿಗೂ ಬರುವಾಗ ದುಃಖ ಮಾತ್ರ ಉಳಿಯಿತು. ಬುದ್ಧನ ಉಪದೇಶದ ಪಾಲಿ ಸುತ್ತವೊಂದರಲ್ಲಿ ಎರಡು ಬಾಣದ ಹೋಲಿಕೆ ಬರುತ್ತದೆ. ಮೈಗೆ ತಾಗಿದ್ದು ಮೊದಲ ಬಾಣ, ಅದಕ್ಕೆ ಮನಸ್ಸು ಗೋಳಾಡುವುದು ಎರಡನೆಯದು. ಕಲ್ಯಾಣದ ಮಾವನವರು ಹೇಳಹೊರಟದ್ದು ಬಹುಶಃ ಈ ಎರಡನೆಯ ಬಾಣದ ಬಗ್ಗೆ. ಆದರೆ ಆ ಮಾತು ತನಗೆ ತಾನು ಹೇಳಿಕೊಳ್ಳಲು ಇರುವುದು. ಬಾಣ ತಾಗಿದವನ ಎದುರು ನಿಂತು "ಎರಡನೆಯದು ನಿನ್ನದೇ ತಪ್ಪು" ಎಂದರೆ ಅದು ಮೂರನೆಯ ಬಾಣವಾಗುತ್ತದೆ. ಸುತ್ತದಲ್ಲಿ ಮೂರನೆಯದಿಲ್ಲ, ಅದು ನಾನು ಸೇರಿಸಿದ್ದು.

ನ್ಯಾಯಶಾಸ್ತ್ರದ (ಕೋರ್ಟಿನದಲ್ಲ, ನಮ್ಮ ಹಳೆಯ ತರ್ಕದರ್ಶನದ) ಪ್ರಕಾರ ತನ್ನ ಸುಖದುಃಖ ತನಗೆ ಮನಸ್ಸಿನ ಮೂಲಕ ಪ್ರತ್ಯಕ್ಷ. ಹಾಗಾದರೆ ಲೆಕ್ಕ ನೋಡಿ: ಆ ಹೆಬ್ಬೆರಳಿನ ನೋವು ತಂದೆಗೆ ಪ್ರತ್ಯಕ್ಷ, ಡಾಕ್ಟರಿಗೆ ಅನುಮಾನ (ಸಂಶಯವಲ್ಲ, ಕುರುಹು ನೋಡಿ ಊಹಿಸಿ ತಿಳಿಯುವುದು), ಮಗನಿಗೆ ಶಬ್ದ ಪ್ರಮಾಣ (ನಂಬಬಲ್ಲವರ ಮಾತಿನಿಂದ ತಿಳಿಯುವುದು). ಆಪ್ತನ ಮಾತೇ ಶಬ್ದ ಎಂದು ಗೌತಮನ ಸೂತ್ರ. "ಅಪ್ಪ ಸುಳ್ಳು ಹೇಳೋರಲ್ಲ, ಅದು ಗೊತ್ತು" ಎಂದು ಮೊದಲ ದಿನವೇ ಬರೆದಿರಲ್ಲ, ಪ್ರಮಾಣ ಅಲ್ಲೇ ಸಿಕ್ಕಿತ್ತು ನಿಮಗೆ.

ಥಾಣೆ ಫಿಸಿಯೋ, 11:02

ಕಲ್ಯಾಣದವರೇ, ಮಲಗೋ ಮುಂಚೆ ಒಂದು. ಕೃತಕ ಕಾಲಿನ ಬಗ್ಗೆ ಹಾಜಿ ಅಲಿ ಹತ್ತಿರದ ಕೇಂದ್ರ ಸರ್ಕಾರದ ಪುನರ್ವಸತಿ ಸಂಸ್ಥೆಯಲ್ಲಿ ವಿಚಾರಿಸಿ, 1955ರಿಂದ ಇದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣೋರಾದರೆ ಜೈಪುರ ಕಾಲು ಕೇಳಿ ನೋಡಿ. 1968ರಲ್ಲಿ ವೈದ್ಯ ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಸೇರಿ ಮಾಡಿದ್ದು. ಆಗ ಸಿಗುತ್ತಿದ್ದ ವಿದೇಶಿ ಪಾದಕ್ಕೆ ಬೂಟು ಬೇಕಿತ್ತು, ಕುಕ್ಕರಗಾಲಲ್ಲಿ ಕೂರಲು ಆಗುತ್ತಿರಲಿಲ್ಲ, ಗದ್ದೆಗೆ ಇಳಿಯಲು ಆಗುತ್ತಿರಲಿಲ್ಲ. ರೋಗಿಗಳು ಕಾಲು ಕಟ್ಟಿಸಿಕೊಂಡು ಹೋಗಿ ಮೂಲೆಗಿಡುತ್ತಿದ್ದರು. ಅವರ ದೂರು ಕೇಳಿಯೇ ಈ ಕಾಲು ಹುಟ್ಟಿದ್ದು.

ಕಲ್ಯಾಣ ಸ್ಲೋ, ಮೂರು ವಾರ ಬಿಟ್ಟು, ಭಾನುವಾರ ಸಂಜೆ 5:10

ತಡವಾಯಿತು, ಕ್ಷಮಿಸಿ.

ವೈದ್ಯರಿಗೆ ತೋರಿಸಿದೆವು. ಸ್ಟಂಪ್ ಚೆನ್ನಾಗಿದೆ, ನರದ ಮಾತ್ರೆ ಒಂದು ಕೊಟ್ಟಿದ್ದಾರೆ, ಕನ್ನಡಿಯೂ ಆಗಬಹುದು ಅಂದರು. ಹಳೇ ಅಲ್ಮೇರಾದ ಬಾಗಿಲಿನ ಕನ್ನಡಿ ಬಿಚ್ಚಿ, ಅಂಚಿಗೆ ಟೇಪ್ ಸುತ್ತಿ, ಮಂಚದ ಮೇಲೆ ನಿಲ್ಲಿಸಿದೆ.

ಮೊದಲ ದಿನ ಅಪ್ಪ ನೋಡಿದ ಕೂಡಲೇ, "ಇದು ನನ್ನ ಎಡಗಾಲಲ್ಲ" ಅಂದರು. ಬಲಗಾಲಿನ ಮೇಲೆ ಎಣ್ಣೆ ಹಾರಿದ ಕಲೆ ಇದೆ, 1980ರ ಹೊತ್ತಿನದು. ಕನ್ನಡಿಯಲ್ಲಿ ಎಡಗಾಲಿಗೂ ಆ ಕಲೆ ಬಂತಲ್ಲ! "ಆ ಕಾಲಿಗೆ ಎಣ್ಣೆ ಹಾರಿರಲಿಲ್ಲ, ನನಗೆ ಗೊತ್ತಿಲ್ವಾ?" ಅಂತ ಹಟ. ಫಿಸಿಯೋಗೆ ಫೋನ್ ಮಾಡಿದೆ, ಸಾಕ್ಸ್ ಹಾಕಿ ಅಂದರು. ಸಾಕ್ಸ್ ಹಾಕಿದ ಮೇಲೆ ಒಪ್ಪಿದರು.

ಒಂದು ವಾರ ಏನೂ ಇಲ್ಲ. ಒಂಬತ್ತನೇ ದಿನ ಬೆರಳು ಆಡಿಸುತ್ತಾ ಆಡಿಸುತ್ತಾ ಸುಮ್ಮನಾದರು. ಏನಾಯ್ತು ಅಂದೆ. "ಸ್ವಲ್ಪ ಬಿಟ್ಟಿತು" ಅಂದರು. ಈಗ ಮಡಚಿದ್ದು ಎಂಟಾಣೆಗೆ ಬಂದಿದೆ. ಉರಿ ಹಾಗೇ ಇದೆ, ಹನ್ನೆರಡಾಣೆ. ಮಾತ್ರೆಯಿಂದಲೋ ಕನ್ನಡಿಯಿಂದಲೋ ಹೇಳಲಾರೆ. ಮಾವ ಮೊನ್ನೆ ಬಂದು ಕನ್ನಡಿ ಮುಂದೆ ತಾವೂ ಅರ್ಧ ಗಂಟೆ ಕೂತು ಹೋದರು. ಏನೂ ಹೇಳಲಿಲ್ಲ.

ಮುಂದಿನ ಸಲ ನರ್ಸಿಗೆ ಕೊಡಲು ಅಪ್ಪ ಒಂದು ಚೀಟಿ ಬರೆಸಿದ್ದಾರೆ. ಉರಿ ಹನ್ನೆರಡಾಣೆ, ಮಡಚು ಎಂಟಾಣೆ, ಜೋಮು ನಾಲ್ಕಾಣೆ. ಪಕ್ಕದಲ್ಲಿ ತಂಗಿ ಪೆನ್ಸಿಲಿನಲ್ಲಿ ಹತ್ತರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾಳೆ: ಏಳೂವರೆ, ಐದು, ಎರಡೂವರೆ.

ವಾಸ್ಕೋದವರಿಗೆ ಅಪ್ಪನ ಒಂದು ಪ್ರಶ್ನೆ ಇದೆ. ಅಣ್ಣನ ಗಡಿಯಾರದಲ್ಲಿ ಗಂಟೆ ಎಷ್ಟಾಗಿದೆ ಅಂತ ಗೊತ್ತಾಗುತ್ತಾ?

ಥಾಣೆ ಫಿಸಿಯೋ, 5:45

ಸಂತೋಷ. ಆದರೆ ಒಂಬತ್ತು ದಿನಕ್ಕೆ ಏನೂ ತೀರ್ಮಾನ ಮಾಡಬೇಡಿ, ನಾಲ್ಕು ವಾರ ಪೂರ್ತಿ ಮಾಡಿ. ಚೀಟಿಯ ಒಂದು ಫೋಟೋ ನನಗೂ ಕಳಿಸಿ, ನನ್ನ ಕ್ಲಿನಿಕ್ಕಿನ ಫಾರ್ಮಿಗೆ ಆಣೆಯ ಕಾಲಂ ಸೇರಿಸ್ತೇನೆ.

ವಾಸ್ಕೋ ಪೈಲಟ್, ರಾತ್ರಿ 8:20

ಕೇಳಿದೆ ಅಣ್ಣಾರ. ಗಂಟಿ ಕಾಣೂದಿಲ್ಲಂತ, ಪಟ್ಟಿ ಬಿಗಿ ಆಗಿದ್ದಷ್ಟ ಗೊತ್ತಾಗತೈತಂತ. ಅವತ್ತ ಮುಂಜಾನಿ ಗಡಿಬಿಡಿಯಾಗ ಒಂದು ತೂತು ಬಿಗಿ ಹಾಕ್ಕೊಂಡಿದ್ನಂತ. ಸಡ್ಲ ಮಾಡ್ಬೇಕಂತ ಮಧ್ಯಾಹ್ನದ ಚಾದ ತನಕ ಅನ್ಕೋತ ಇದ್ನಂತ. ಚಾ ಬರೂಕಿಂತ ಮೊದ್ಲ ಕೈ ಹೋತು.

ಫಿಸಿಯೋ ಮೇಡಮ್ಮಾರ, ಅಂವಗೂ ಒಂದ್ ಕನ್ನಡಿ ತರ್ಲೇನ್ರಿ? ಬಲಗೈಗೆ ಗಡಿಯಾರ ಕಟ್ಟಿ, ಅದರ ಮುಂದ ಕೂತು ಸಡ್ಲ ಮಾಡಿದ್ರ ಆಗತೈತೇನು?